ಎರಡು ಚಳಿಗಾಲದ ನಿಯಮ

ಲೇರ್,
ಭಾನುವಾರ, 15 ಸೆಪ್ಟೆಂಬರ್ 1996

ಪ್ರೀತಿಯ ಟಾಲ್ಕೆ,

ನಾವಿಬ್ಬರೂ ಕ್ಷೇಮ. ನೀನೂ ಕ್ಷೇಮವೆಂದು ನಿನ್ನಪ್ಪನ ಹುಟ್ಟುಹಬ್ಬಕ್ಕೆ ನೀನು ಕಳಿಸುವ ಕಾರ್ಡಿನಿಂದ ವರ್ಷಕ್ಕೊಮ್ಮೆ ತಿಳಿಯುತ್ತದೆ. ಕಾರ್ಡಿನ ಕೊನೆಯಲ್ಲಿ ಅಮ್ಮನಿಗೂ ತಿಳಿಸು ಎಂಬ ಮಾತೇನಾದರೂ ಇದೆಯೋ ಎಂದು ಪ್ರತಿ ಸಲ ಹುಡುಕುತ್ತೇನೆ. ಇರುವುದಿಲ್ಲ. ಇರಬೇಕಿತ್ತು ಎನ್ನಲು ನನಗೂ ಮುಖವಿಲ್ಲ. ಕಾಗದ ಬರೆಯಲು ತಡವಾಯಿತು, ಕ್ಷಮಿಸು. ಎಂಟು ವರ್ಷದ ತಡಕ್ಕೆ ಹೇಗೆ ಕ್ಷಮೆ ಕೇಳುತ್ತಾರೋ ನಾನು ಕಲಿತಿಲ್ಲ. ನೀನಿರುವ ಗ್ರೋನಿಂಗನ್ ಇಲ್ಲಿಂದ ದೂರವೇನಲ್ಲ. ಎರಡು ಸಲ ಇಲ್ಲಿಯ ರೈಲು ನಿಲ್ದಾಣದವರೆಗೂ ಹೋದೆ, ಒಮ್ಮೆ ಟಿಕೆಟ್ಟನ್ನೂ ಕೊಂಡೆ. ಮತ್ತೆ ಮನೆಗೆ ಬಂದು ಹಾವುಗಳ ನೀರು ಬದಲಿಸಿದೆ. ನನ್ನ ಸ್ವಭಾವ ನಿನಗೆ ಗೊತ್ತೇ ಇದೆ.

ನಿನ್ನಪ್ಪನಿಗೆ ಮಂಡಿ ನೋವು. ಬೇಕರಿ ಮಾರಿ ಮೂರು ವರ್ಷವಾಯಿತು, ಆದರೂ ಕೋಳಿ ಕೂಗುವ ಮೊದಲೇ ಎದ್ದು ಹಿಟ್ಟು ನಾದುತ್ತಾರೆ. ಇಡೀ ಬೀದಿಯವರು ಪುಕ್ಕಟೆ ಬ್ರೆಡ್ ತಿಂದು ದಪ್ಪಗಾಗಿದ್ದಾರೆ. ನೀನು ಬೆರೆಸಿ ತೆಗೆದ ಗುಲಾಬಿಗೆ ಬಹುಮಾನ ಬಂದ ಸುದ್ದಿಯ ಕಾರ್ಡನ್ನು ಗಟ್ಟಿಯಾಗಿ ಓದಿ, "ನೋಡಿದ್ಯಾ ಫೋಲ್ಕೆ, ಹೂವು ಬೆರೆಸಿದ್ರೆ ಬಹುಮಾನ, ಹಾವು ಬೆರೆಸಿದ್ರೆ ಮನೆಯಿಂದ ಹೊರಗೆ," ಎಂದರು. ನಾನು ಚಹಾದ ಪಾತ್ರೆ ತೊಳೆಯುತ್ತಿದ್ದೆ. ತೊಳೆದದ್ದನ್ನೇ ಇನ್ನೊಮ್ಮೆ ತೊಳೆದೆ.

ಈಗ ವಿಷಯಕ್ಕೆ ಬರುತ್ತೇನೆ. ನಾನು ಸಾಕುತ್ತ ಬಂದ, ದೂರದ ದಕ್ಷಿಣ ಸಮುದ್ರದ ಆ ದ್ವೀಪದ ಮಂಡಲಹಾವು ಈಗ ದ್ವೀಪದಲ್ಲೇ ಉಳಿದಿಲ್ಲ ಎನ್ನುವಷ್ಟಾಗಿದೆ. ಎರಡು ಬೇಸಿಗೆ ಬೆಂಕಿ ಬಿತ್ತಂತೆ, ಮೇಲಿಂದ ಗಣಿಯ ರಸ್ತೆ, ಅದರ ಮೇಲೆ ಗೋಣಿಚೀಲ ಹಿಡಿದು ಹೋಗುವ ನಮ್ಮಂಥ ಹವ್ಯಾಸಿಗಳ ಕಾಟ. ಅಲ್ಲಿಯವರು ಒಂದು ಕಣಿವೆಗೆ ಬೇಲಿ ಹಾಕಿದ್ದಾರೆ. ಅದಕ್ಕೆ ಬಿಡಲು ನಾನು ಬೆಳೆಸಿದ ವಂಶದ ಸಾಲಿನ ಹನ್ನೆರಡು ಮರಿಗಳನ್ನು ಕೇಳಿದ್ದಾರೆ. ಐದು ಗಂಡು, ಏಳು ಹೆಣ್ಣು. ಬರುವ ಶುಕ್ರವಾರ ಬ್ರೇಮನ್‌ನಿಂದ ವಿಮಾನ. ಪತ್ರಿಕೆಯವರು ಬಂದು ನನ್ನ ಪಟ ತೆಗೆದು, ಹಾವುಗಳ ಅಜ್ಜಿ ಎಂದು ಬರೆದರು. ಇಪ್ಪತ್ತೆರಡು ವರ್ಷ ನಾನು ಈ ಹಾವುಗಳ ವಂಶಾವಳಿಯ ಪುಸ್ತಕವನ್ನು ಬರೆದದ್ದು ಈ ಒಂದು ದಿನಕ್ಕಾಗಿ.

ಕಳೆದ ಗುರುವಾರ ಆ ಹನ್ನೆರಡರ ಕೊನೆಯ ತಪಾಸಣೆಗೆ ಕುಳಿತೆ. ಒಂದೊಂದನ್ನೇ ಕೊಕ್ಕೆಯಿಂದ ಎತ್ತಿ, ತಲೆ ಗಾಜಿನಂಥ ಕೊಳವೆಯೊಳಗೆ ಹೋಗುವ ತನಕ ಕಾದು, ಹೊಟ್ಟೆಯ ಹುರುಪೆ ಎಣಿಸಿ ಬರೆದುಕೊಳ್ಳುತ್ತಿದ್ದೆ. ಒಂಬತ್ತನೆಯದು ಒಂದು ಹೆಣ್ಣು. ಹಿಂದಿನ ದಿನವಷ್ಟೇ ಹಳೆಯ ಬೂದಿ ಪೊರೆ ಬಿಟ್ಟಿತ್ತು. ಕಿಟಕಿಯ ಬೆಳಕಿಗೆ ಹಿಡಿದೆ. ಪಕ್ಕೆಯ ಉದ್ದಕ್ಕೂ ಕೆಂಪು, ಸುಟ್ಟ ಇಟ್ಟಿಗೆಯ ಕೆಂಪು. ದ್ವೀಪದ ಹಾವು ಬೂದಿ ಬಣ್ಣದ್ದು. ನನ್ನ ಕೈಯಲ್ಲಿ ಹಾದುಹೋದ ಇನ್ನೂರು ಚಿಲ್ಲರೆ ಮರಿಗಳಲ್ಲಿ ಕೆಂಪಿನದು ಒಂದೂ ಇರಲಿಲ್ಲ. ಈ ಬಣ್ಣವನ್ನು ನಾನು ನೋಡಿದ್ದು ನಿನ್ನ ಮರಿಗಳಲ್ಲಿ ಮಾತ್ರ. ಹುರುಪೆಯ ಎಣಿಕೆ ತಪ್ಪಿತು, ಟಾಲ್ಕೆ. ವಿಷದ ಹಾವು ಕೈಯಲ್ಲಿರುವಾಗ ಗಮನ ತಪ್ಪಬಾರದು ಎಂದು ನಿನಗೆ ಹೇಳಿಕೊಟ್ಟವಳು ನಾನೇ.

ಆ ಗುರುವಾರದವರೆಗೆ ನನ್ನ ಸಾಲಿನ ಬಗ್ಗೆ ನನಗೆ ಕೂದಲೆಳೆಯಷ್ಟು ಸಂಶಯವೂ ಇರಲಿಲ್ಲ.

ಆ ಹಳೆಯ ಕಥೆಯನ್ನು ನೀನು ಮರೆತಿರಲಾರೆ. ಆದರೂ ನನ್ನ ಬಾಯಿಂದ ಒಮ್ಮೆ ಬರಬೇಕು. ನಿನಗಾಗ ಇಪ್ಪತ್ತೈದು. ದ್ವೀಪದಾಚೆಯ ದಡದ ದೊಡ್ಡ ಜಾತಿಯ ಗಂಡುಹಾವೊಂದು, ನಿನ್ನ ಸುಲ್ತಾನ್, ನಿನ್ನ ಕೋಣೆಯಲ್ಲಿತ್ತು. ನನ್ನ ಗ್ರೇಟ್ಯೆ, ದ್ವೀಪದ ಹೆಣ್ಣು, ಕೆಳಗಿನ ಹಾವಿನ ಕೋಣೆಯಲ್ಲಿ. ನಾನು ಸೊಂಟ ಮುರಿದುಕೊಂಡು ಮೂರು ವಾರ ಆಸ್ಪತ್ರೆಯಲ್ಲಿ ಬಿದ್ದಿದ್ದಾಗ ನೀನು ಎರಡನ್ನೂ ಒಂದೇ ಗೂಡಿನಲ್ಲಿಟ್ಟೆ. ಸೆಪ್ಟೆಂಬರಿಗೆ ಒಂಬತ್ತು ಮರಿ. ಐದು ಕೆಂಪು, ನಾಲ್ಕು ತಾಯಿಯಂತೆಯೇ ಬೂದಿ. ಚೆಂದ ಇದ್ದವು. ಆಗ ಈ ಮಾತನ್ನು ಹೇಳಲಿಲ್ಲ, ಈಗ ಹೇಳುತ್ತಿದ್ದೇನೆ, ಚೆಂದ ಇದ್ದವು.

ನೀನು ಅವನ್ನು ಮುಚ್ಚಿಡಲಿಲ್ಲ. ಹೆಮ್ಮೆಯಿಂದ ನಮ್ಮ ಹಾವು ಸಾಕುವವರ ಸಂಘದ ಸಭೆಗೇ ತಂದೆ. ವಸತಿಗೃಹದ ಆ ಹಿಂದಿನ ಕೋಣೆ, ಹತ್ತೊಂಬತ್ತು ಜನ, ಬಿಯರ್ ಲೋಟಗಳ ನಡುವೆ ನಿನ್ನ ಒಂಬತ್ತು ಡಬ್ಬಿ. "ಶುದ್ಧ ಅನ್ನೋದು ನಿಮ್ಮ ಪುಸ್ತಕದಲ್ಲಿದೆ, ಹಾವಿನ ಮೈಯಲ್ಲಿಲ್ಲ," ಎಂದೆ ನೀನು. "ಬೇಡವಾಗಿದ್ರೆ ಗ್ರೇಟ್ಯೆ ಸುಲ್ತಾನನ್ನ ಕಚ್ಚಿ ಓಡಿಸ್ತಿದ್ಲು!" ಎಂದೆ. ಕೆಲವರು ನಕ್ಕರು. ನಾನು ಎದ್ದು ನಿಂತೆ. "ಅವಳೇನು ಆರಿಸಿಕೊಂಡಳಾ? ಬಾಗಿಲು ಹಾಕಿದ್ದು ನೀನು. ಹೊರಗಡೆ ಅವರಿಬ್ಬರ ಮಧ್ಯೆ ಸಮುದ್ರ ಇದೆ," ಎಂದೆ. ಆ ಮಾತು ಇವತ್ತಿಗೂ ಸರಿಯೆಂದೇ ನನ್ನ ಹಟ. ಅದರ ನಂತರ ನಾನು ಮಾಡಿದ್ದರ ಬಗ್ಗೆ ಹಾಗೆ ಹೇಳಲಾರೆ.

ನಿಯಮ ನಿನಗೆ ಗೊತ್ತಿತ್ತು. ಬೆರಕೆ ಮರಿ ಹೆಪ್ಪುಗಟ್ಟಿ ಸಾಯಲು ತಂಪು ಪೆಟ್ಟಿಗೆಗೆ, ಬೆರಕೆ ಮಾಡಿದವರು ಸಂಘದಿಂದ ಹೊರಗೆ. ಬರೆದವಳು ನಾನು. ಕೈ ಎತ್ತಿ ಎಂದಾಗ ಮೊದಲು ಎದ್ದ ಕೈಯೂ ನನ್ನದೇ. ಮಾರನೆಯ ದಿನ ಚೀಲ ಹಿಡಿದು ಬಾಗಿಲಲ್ಲಿ ನಿಂತು ನೀನು ಕೇಳಿದ್ದು ಒಂದೇ: "ಒಂದನ್ನಾದ್ರೂ ಬಿಡಮ್ಮ. ಮರಿ ಮಾಡಿಸಲ್ಲ, ಮಾರಲ್ಲ, ಯಾರಿಗೂ ತೋರಿಸಲ್ಲ. ಒಂದೇ ಒಂದು." ಒಂದಕ್ಕೂ ಒಂಬತ್ತಕ್ಕೂ ನಿಯಮ ಒಂದೇ ಎಂದೆ. ನೀನು ಹೋದೆ.

ಅದೇ ಪುಸ್ತಕದಲ್ಲಿ ಇನ್ನೊಂದು ನಿಯಮವನ್ನೂ ಬರೆದಿದ್ದೆ. ಬೇರೆ ಜಾತಿಯ ಗಂಡಿನ ಜೊತೆ ಇದ್ದ ಹೆಣ್ಣು ಎರಡು ಚಳಿಗಾಲ ಒಂಟಿಯಾಗಿ ಮಲಗಿ ಎದ್ದರೆ ಮತ್ತೆ ಶುದ್ಧ. ಗ್ರೇಟ್ಯೆಯನ್ನು ಎರಡು ಚಳಿಗಾಲ ಒಂಟಿಯಾಗಿಟ್ಟೆ. ತೊಂಬತ್ತರ ವಸಂತದಲ್ಲಿ ಶುದ್ಧ ಗಂಡಿನ ಜೊತೆ ಬಿಟ್ಟೆ. ಅವಳ ಆ ಸಲದ ಮರಿಗಳೇ ನನ್ನ ಸಾಲಿಗೆ ಬೇರು. ಈ ಹನ್ನೆರಡು ಅವಳ ಮೊಮ್ಮಕ್ಕಳು. ಹೆಣ್ಣುಹಾವು ಗಂಡಿನ ಬೀಜವನ್ನು ಮೈಯೊಳಗೆ ಕಾಪಿಟ್ಟುಕೊಳ್ಳುತ್ತದೆ ಎಂಬುದು ನಮಗೆಲ್ಲ ಗೊತ್ತು. ಎಷ್ಟು ದಿನ ಎಂಬುದು ಯಾರಿಗೂ ಖಚಿತವಿಲ್ಲ. ಎರಡು ಚಳಿಗಾಲ ಎಂಬ ಲೆಕ್ಕ ನಾನೆಲ್ಲಿಂದ ತಂದೆ? ಎಲ್ಲಿಂದಲೂ ಇಲ್ಲ. ಒಂದು ಕಡಿಮೆ, ಮೂರು ಹೆಚ್ಚು ಅನ್ನಿಸಿತು, ಎರಡು ಎಂದು ಬರೆದೆ. ಹತ್ತೊಂಬತ್ತು ಜನ ಅದನ್ನು ವೇದವಾಕ್ಯದಂತೆ ಒಪ್ಪಿಕೊಂಡರು.

ಈಗ ನನ್ನೆದುರು ಇರುವ ಪ್ರಶ್ನೆ ಇಷ್ಟೇ. ಶುಕ್ರವಾರ ಪೆಟ್ಟಿಗೆ ಹೋದರೆ, ಹೋಯಿತು. ಕಣಿವೆಗೆ ಬಿಟ್ಟ ಹಾವನ್ನು ಮತ್ತೆ ಹಿಡಿದು ತರಲಾಗದು. ಅಲ್ಲಿ ಉಳಿದಿರುವ ನಾಲ್ಕಾರು ಶುದ್ಧ ಹಾವುಗಳೊಂದಿಗೆ ಇವು ಬೆರೆತರೆ ಆ ಜಾತಿಯೇ ಮುಗಿಯಿತು. ಇನ್ನೂ ಒಂದಿದೆ. ಅಲ್ಲಿಯ ಆಸ್ಪತ್ರೆಯಲ್ಲಿರುವ ಮದ್ದು ದ್ವೀಪದ ಹಾವಿನ ವಿಷಕ್ಕೆ. ಬೆರಕೆಯ ವಿಷ ಹೇಗಿರುತ್ತದೆ ಎಂದು ಯಾರೂ ನೋಡಿಲ್ಲ. ಅಲ್ಲಿ ಬರಿಗಾಲಲ್ಲಿ ಮೇಕೆ ಮೇಯಿಸುವವರಿದ್ದಾರೆ.

ನಾಳೆ ಹಾರ್ಮ್‌ನಿಗೆ ಹೇಳಬೇಕು. ಇಲ್ಲಿಗೆ ನಿಲ್ಲಿಸುತ್ತೇನೆ.

ಮಂಗಳವಾರ

ನಿನ್ನೆ ಹೇಳಿದೆ. ಇವತ್ತು ಹಾರ್ಮ್ ಬಂದಿದ್ದ. ನಿನಗೆ ನೆನಪಿರಬೇಕು, ಕನ್ನಡಕದಂಗಡಿಯ ಹಾರ್ಮ್ ಡಿರ್ಕ್ಸ್. ನಿನ್ನ ಕಾಲದಲ್ಲಿ ಸಂಘದ ಕಾರ್ಯದರ್ಶಿ, ಈಗ ಅಧ್ಯಕ್ಷ. ಬಾಗಿಲಲ್ಲೇ "ಮೋಯ್ನ್" ಎಂದು ವಂದಿಸಿದವನು ಕೋಟನ್ನೂ ತೆಗೆಯದೆ ಹಾವಿನ ಕೋಣೆಗೆ ನಡೆದ. ಆ ಮರಿಯನ್ನು ಐದು ನಿಮಿಷ ನೋಡಿದ. ಆಮೇಲೆ ಅಡುಗೆಮನೆಗೆ ಬಂದು ಕುಳಿತ. ಕಲ್ಲುಸಕ್ಕರೆ ಹಾಕಿ ಚಹಾ ಬಗ್ಗಿಸಿದೆ, ಮೇಲೆ ಕೆನೆ ಬಿಟ್ಟೆ.

"ಸ್ವಲ್ಪ ಕೆಂಪು ಇದೆ ಅಷ್ಟೆ," ಎಂದ.

"ಕನ್ನಡಕದ ವ್ಯಾಪಾರ ಮಾಡೋನು ನೀನು. ಸ್ವಲ್ಪ ಕೆಂಪು ಅಂದ್ರೆ ಏನು ಹಾರ್ಮ್?"

"ಅಂದ್ರೆ, ಹನ್ನೊಂದು ಕಳಿಸೋಣ. ಇದೊಂದು ಸತ್ತೋಯ್ತು ಅಂತ ಬರೀರಿ. ಪುಸ್ತಕ ನಿಮ್ಮ ಕೈಯಲ್ಲೇ ಇದೆಯಲ್ಲ."

ಸತ್ತೋಯ್ತು ಅಂತ ಬರೀರಿ. ಎಷ್ಟು ಸಲೀಸಾಗಿ ಹೇಳಿದ ನೋಡು. ಉಳಿದ ಹನ್ನೊಂದು ಬೂದಿ ಬಣ್ಣದವೆಂದು ಶುದ್ಧ ಎನ್ನಲಾದೀತೇ, ಟಾಲ್ಕೆಯ ಮರಿಗಳಲ್ಲೂ ನಾಲ್ಕು ಬೂದಿಯವೇ ಇದ್ದವಲ್ಲ ಎಂದೆ. ಎಂಟು ವರ್ಷದಲ್ಲಿ ಈ ಮನೆಯ ಅಡುಗೆಮನೆಯಲ್ಲಿ ನಿನ್ನ ಹೆಸರು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಬಾಗಿಲ ಹತ್ತಿರ ಹಿಟ್ಟು ಜರಡಿ ಹಿಡಿಯುತ್ತಿದ್ದ ನಿನ್ನಪ್ಪನ ಕೈ ನಿಂತುಹೋಯಿತು.

ಹಾರ್ಮ್ ಮೆಲ್ಲಗೆ ಬೇರೆ ದಾರಿ ಹಿಡಿದ. "ಸರಿ, ಬೆರಕೆ ಅಂತಲೇ ಇಟ್ಕೊಳ್ಳಿ. ಅಲ್ಲಿ ಉಳಿದಿರೋದು ಎಷ್ಟು? ಒಳಗೊಳಗೇ ಕೂಡಿ ಕೂಡಿ ಮೊಟ್ಟೆ ಕೊಳೀತಿವೆ. ಹೊಸ ರಕ್ತ ಹೋದ್ರೆ ಬದುಕ್ತಾವೆ. ಶುದ್ಧವಾಗಿ ಸಾಯೋದಕ್ಕಿಂತ ಬೆರೆತು ಬದುಕೋದು ವಾಸಿ ಅಲ್ವಾ?"

ಆ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ನೀನು ಹೇಳಿದ್ದರೆ ಕೂತು ಚರ್ಚೆ ಮಾಡುತ್ತಿದ್ದೆನೇನೋ. ಆದರೆ ಅವನು ಹೇಳಿದ್ದು ಕಣಿವೆಯ ಚಿಂತೆಯಿಂದಲ್ಲ, ಪತ್ರಿಕೆಯವರನ್ನು ಕರೆದು ಆಗಿದೆ ಎಂಬ ಚಿಂತೆಯಿಂದ. "ಅದು ಅವರು ತೀರ್ಮಾನ ಮಾಡ್ಬೇಕು, ಹಾರ್ಮ್. ಗೊತ್ತಿದ್ದು ಮಾಡ್ಬೇಕು. ನಾವು ಬಾಯಿ ಮುಚ್ಕೊಂಡು ಅವರ ಬದಲು ತೀರ್ಮಾನ ಮಾಡೋದಲ್ಲ," ಎಂದೆ.

ಆಗ ಅವನು ಇನ್ನು ಚಹಾ ಬೇಡ ಎಂದು ಬಟ್ಟಲಿನೊಳಗೆ ಚಮಚ ಇಟ್ಟ. ಒಂದೇ ಬಟ್ಟಲಿಗೆ! ನಲವತ್ತು ವರ್ಷದಲ್ಲಿ ನನ್ನ ಮೇಜಿನಲ್ಲಿ ಮೂರನೆಯ ಬಟ್ಟಲಿಗೆ ಮೊದಲು ಚಮಚ ಇಟ್ಟವರಿಲ್ಲ. "ಹಾಗಾದ್ರೆ ಪೂರ್ತಿ ನಿಯಮ ನಡೀಲಿ, ಫೋಲ್ಕೆ. ನಿಮ್ಮ ಹತ್ರ ಈ ಸಾಲಿಂದು ಎಷ್ಟಿವೆ?"

"ನಲವತ್ತೊಂದು."

"ನಲವತ್ತೊಂದನ್ನೂ ತಂಪು ಪೆಟ್ಟಿಗೆಗೆ ಹಾಕ್ತೀರಾ? ನೀವೇ ಮುಚ್ಚಳ ಮುಚ್ತೀರಾ? ಗುರುವಾರ ಸಭೆ ಇದೆ. ಎದ್ದು ನಿಂತು ಹೇಳೋಕೆ ಮೊದ್ಲು ಅದನ್ನ ಯೋಚ್ನೆ ಮಾಡಿ."

ಅವನು ಹೋದಮೇಲೆ ನಿನ್ನಪ್ಪ ಬಂದು ಎದುರು ಕುಳಿತರು. ಅವರು ಹಾವಿನ ವಿಷಯದಲ್ಲಿ ಬಾಯಿ ಹಾಕುವವರಲ್ಲ. ಮೂವತ್ತೆಂಟು ವರ್ಷದಲ್ಲಿ ಆ ಕೋಣೆಯ ಹೊಸ್ತಿಲು ದಾಟಿದ್ದು ಬೆರಳೆಣಿಕೆಯಷ್ಟು ಸಲ. "ನಿಮ್ಮಪ್ಪ ನಮ್ಮ ಮದುವೆಗೆ ಯಾಕೆ ಬರಲಿಲ್ಲ, ಜ್ಞಾಪಕ ಇದ್ಯಾ?" ಎಂದರು.

"ಈಗ ಅದ್ಯಾಕೆ ಯೂಪ್?"

"ರೈನ್ ಕಡೆಯ ಕ್ಯಾಥೊಲಿಕ್ ರೊಟ್ಟಿಯವನ ಜೊತೆ ಬೆರಕೆ ಬೇಡ ಅಂದಿದ್ದ. ಹುಟ್ಟೋ ಮಕ್ಕಳು ಅತ್ಲಾಗೂ ಇಲ್ಲ ಇತ್ಲಾಗೂ ಇಲ್ಲ ಅಂದಿದ್ದ. ಪಾಪ, ಅವನೂ ಒಂದು ಪುಸ್ತಕ ಇಟ್ಕೊಂಡಿದ್ದ."

ಹಾವು ಬೇರೆ ಮನುಷ್ಯರು ಬೇರೆ ಎಂದು ರೇಗಿದೆ. ಬೇರೆಯೇ, ಅದನ್ನು ಈಗಲೂ ಹೇಳುತ್ತೇನೆ. ನಿನ್ನಪ್ಪನೂ ನಾನೂ ಒಂದೇ ಜಾತಿ, ನಮ್ಮ ನಡುವೆ ಇದ್ದದ್ದು ಬರೀ ಎರಡು ಚರ್ಚು. ಅವರಿಗೂ ಅದು ಗೊತ್ತು. "ನಾನು ಹಾವಿನ ಮಾತೇ ಆಡ್ಲಿಲ್ವಲ್ಲ ಮಾರಾಯ್ತಿ," ಎಂದು ಎದ್ದು ಹೋದರು.

ಟಾಲ್ಕೆ, ಆ ಪೆಟ್ಟಿಗೆ ಇನ್ನೂ ನೆಲಮಾಳಿಗೆಯಲ್ಲೇ ಇದೆ. ನಿನ್ನಪ್ಪ ಅದರಲ್ಲಿ ಬಟಾಣಿಯನ್ನೂ ಇಡುವುದಿಲ್ಲ. ನಿದ್ದೆ ಬಂದಂತೆ ಹೋಗುತ್ತವೆ, ನೋವಾಗುವುದಿಲ್ಲ ಎಂದು ನಿನಗೆ ಹೇಳಿದ್ದೆ. ಪುಸ್ತಕದಲ್ಲಿ ಹಾಗೆಯೇ ಓದಿದ್ದೆ, ನಂಬಿದ್ದೆ. ಅವತ್ತು ನಿನ್ನ ಒಂಬತ್ತು ಡಬ್ಬಿಗಳನ್ನು ಒಳಗಿಟ್ಟು ಮುಚ್ಚಳದ ಮೇಲೆ ಕೈಯಿಟ್ಟು ನಿಂತೆ. ಒಳಗೆ ಸದ್ದಾಗುತ್ತಲೇ ಇತ್ತು, ಡಬ್ಬಿಗೆ ಮೈ ಬಡಿಯುವ ಸದ್ದು. ಮೇಲೆ ನಿನ್ನಪ್ಪ ಮಧ್ಯಾಹ್ನದ ಸುದ್ದಿಗೆ ರೇಡಿಯೊ ಹಚ್ಚಿದರು. ಸುದ್ದಿ ಮುಗಿಯಿತು, ಹವಾಮಾನ ಮುಗಿಯಿತು, ಸದ್ದು ಮುಗಿಯಲಿಲ್ಲ. ತೆರೆಯಬಹುದಿತ್ತು. ತೆರೆಯಲಿಲ್ಲ.

ನಲವತ್ತೊಂದು.

ಶುಕ್ರವಾರ, ಬೆಳಿಗ್ಗೆ

ವಿಮಾನ ಹೊರಡುವುದು ಹನ್ನೊಂದಕ್ಕೆ. ಮರಿಗಳು ಕೆಳಗೆ ತಮ್ಮ ಗೂಡಿನಲ್ಲೇ ಇವೆ. ಹೋಗುವುದಿಲ್ಲ.

ನಿನ್ನೆ ಸಂಜೆ ಸಭೆಗೆ ಹೋಗುವ ಮೊದಲು ಎರಡು ಸಲ ಕೋಟು ಹಾಕಿ ಎರಡು ಸಲ ತೆಗೆದೆ. ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ನಡೆದೇ ಹೋದೆ. ಅದೇ ಹಿಂದಿನ ಕೋಣೆ, ಗೋಡೆಗೆ ಅದೇ ಹಡಗಿನ ಚಿತ್ರ. ಮೇಜಿನ ಮೇಲೆ ಕೇಕು ಬೇರೆ ಇಟ್ಟಿದ್ದರು, ಮೇಲೆ ಸಕ್ಕರೆಯಲ್ಲಿ ಬರೆದ ಹಾವು. ನನಗೆ ಸನ್ಮಾನವಂತೆ. ಹಾರ್ಮ್ ನನ್ನನ್ನು ನೋಡಿ, "ಫೋಲ್ಕೆ, ಮೊದ್ಲು ಕೇಕ್ ಕತ್ತರಿಸಿಬಿಡಿ," ಎಂದು ಚಾಕು ಚಾಚಿದ. ಹಿಡಿಯನ್ನು ನನ್ನ ಕಡೆಗೆ ಮಾಡಿ ಚಾಚಿದ್ದ. ಚಾಕು ತೆಗೆದುಕೊಂಡು ಕೇಕಿನ ಪಕ್ಕಕ್ಕಿಟ್ಟೆ.

ನಿಂತೇ ಹೇಳಿದೆ. ಮರಿ ಕೆಂಪು ಬಂದಿದೆ, ಗ್ರೇಟ್ಯೆ ಸುಲ್ತಾನನ ಬೀಜವನ್ನು ಎರಡು ಚಳಿಗಾಲ ದಾಟಿ ಇಟ್ಟುಕೊಂಡಿದ್ದಳು, ಆ ನಿಯಮ ನಾನು ಗಾಳಿಯಲ್ಲಿ ಬರೆದದ್ದು, ನನ್ನ ಸಾಲು ಬೆರಕೆ ಎಂದೆ. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ನನ್ನಿಂದ ಮರಿ ಕೊಂಡವರು ಆರು ಜನ ಅಲ್ಲಿದ್ದರು. ಅವರಲ್ಲೊಬ್ಬ, "ನನ್ನ ಹಾವುಗಳನ್ನೇನು ಮಾಡ್ಲಿ ಹೇಳಿ ಈಗ?" ಎಂದು ಮೇಜು ಗುದ್ದಿದ. ಪಾಪ, ಹತ್ತು ವರ್ಷದಿಂದ ನನ್ನ ಮಾತಿಗೆ ತಲೆದೂಗಿದವನು.

ಹಾರ್ಮ್ ಎದ್ದ. ಧ್ವನಿ ತಣ್ಣಗಿತ್ತು. "ನಿಯಮ ಎಲ್ಲರಿಗೂ ಗೊತ್ತಿದೆ. ಸಾಲು ಪುಸ್ತಕದಿಂದ ಹೊರಗೆ, ಸಾಕಿದವರು ಸಂಘದಿಂದ ಹೊರಗೆ. ಯಾರು ಯಾರು ಒಪ್ತೀರಿ?"

ಮೊದಲು ಎದ್ದ ಕೈ ಈ ಸಲವೂ ನನ್ನದೇ. ಆಮೇಲೆ ಒಂದೊಂದಾಗಿ ಉಳಿದವು ಎದ್ದವು. ಕೆಲವರು ಮುಖ ಆಚೆ ತಿರುಗಿಸಿಕೊಂಡು ಎತ್ತಿದರು. ಆ ಕೋಣೆಯಲ್ಲಿ ನಿನ್ನ ಎದೆಯಲ್ಲಿ ಅವತ್ತು ಏನಾಗಿತ್ತು ಎಂದು ನನಗೆ ಗೊತ್ತಾಗಲು ಇಷ್ಟು ವರ್ಷ ಬೇಕಾಯಿತು.

"ಇನ್ನು ಪ್ರಾಣಿಗಳು," ಎಂದ ಹಾರ್ಮ್. "ತಂಪು ಪೆಟ್ಟಿಗೆ."

"ಹಾಕಲ್ಲ," ಎಂದೆ. "ಬೆರೆಸೋದು ತಪ್ಪು. ಇವತ್ತೂ ಹೇಳ್ತೀನಿ, ನಾಳೆನೂ ಹೇಳ್ತೀನಿ. ಆದ್ರೆ ತಪ್ಪು ಮಾಡಿದ್ದು ಗೂಡಿನ ಬಾಗಿಲು ತೆಗೆದ ಕೈ, ನಿಯಮ ಬರೆದ ಕೈ. ಹುಟ್ಟಿದ ಮರಿಯಲ್ಲ. ಮೊಟ್ಟೆ ಇಡಿಸಲ್ಲ, ಯಾರಿಗೂ ಕೊಡಲ್ಲ, ಸಾಯೋವರೆಗೂ ಸಾಕ್ತೀನಿ."

"ಎಂಟು ವರ್ಷದ ಹಿಂದೆ ಈ ಮಾತು ಎಲ್ಲಿಗೆ ಹೋಗಿತ್ತು, ಫೋಲ್ಕೆ?" ಎಂದ ಹಾರ್ಮ್.

ಅವನನ್ನು ನಾನು ಬಯ್ಯಲಾರೆ. ಕೇಳಬೇಕಾದ್ದನ್ನೇ ಕೇಳಿದ. ಪುಸ್ತಕವನ್ನು ಕೇಕಿನ ಪಕ್ಕದಲ್ಲಿಟ್ಟು ಹೊರಗೆ ಬಂದೆ. ಬಾಗಿಲ ಹತ್ತಿರ ನಿನ್ನಪ್ಪ ಸೈಕಲ್ಲು ಹಿಡಿದು ನಿಂತಿದ್ದರು, ಆ ಮಂಡಿ ನೋವಿನಲ್ಲಿ. ಇಬ್ಬರೂ ಸೈಕಲ್ಲು ತಳ್ಳಿಕೊಂಡು ಏರಿಯ ಮೇಲೆ ನಡೆದು ಬಂದೆವು.

ಇವತ್ತು ಬೆಳಿಗ್ಗೆ ದ್ವೀಪಕ್ಕೆ ನಾನೇ ಫೋನ್ ಮಾಡಿದೆ. ಕಣಿವೆ ನೋಡಿಕೊಳ್ಳುವ ಹೆಣ್ಣುಮಗಳಿಗೆ ನಮ್ಮ ಭಾಷೆ ಅಲ್ಪಸ್ವಲ್ಪ ಬರುತ್ತದೆ. "ಎಷ್ಟು ಬೆರಕೆ?" ಎಂದಳು. ಗೊತ್ತಿಲ್ಲ ಎಂದೆ. ಫೋನಿನಲ್ಲಿ ಅಲ್ಲೆಲ್ಲೋ ಮೇಕೆ ಕೂಗುವುದು ಕೇಳಿಸುತ್ತಿತ್ತು. "ಹಾಗಾದ್ರೆ ಬೇಡ," ಎಂದಳು. ಆಮೇಲೆ, "ಹೇಳಿದ್ದಕ್ಕೆ ಥ್ಯಾಂಕ್ಸ್," ಎಂದು ಇಟ್ಟುಬಿಟ್ಟಳು. ಅವಳು ಅತ್ತಳೋ ಏನೋ ನನಗೆ ಗೊತ್ತಿಲ್ಲ. ನಾನು ಅತ್ತೆ.

ಹೀಗೆ ಇಪ್ಪತ್ತೆರಡು ವರ್ಷ ಮುಗಿಯಿತು. ಕೆಳಗೆ ನಲವತ್ತೊಂದು ಹಾವು ಇವೆ. ಚೆನ್ನಾಗಿ ನೋಡಿಕೊಂಡರೆ ಇಪ್ಪತ್ತು ವರ್ಷ ಬದುಕುವ ಪ್ರಾಣಿಗಳು. ನನಗೆ ಅರವತ್ತಾರು. ಲೆಕ್ಕ ನೀನೇ ಹಾಕು. ನಿನ್ನಪ್ಪ ಹಾವುಗಳ ಊಟಕ್ಕೆ ಹಿಮಗಟ್ಟಿದ ಇಲಿ ಕರಗಿಸಿ ಕೊಡುತ್ತಾರೆ, ಕೊಕ್ಕೆ ಹಿಡಿಯಲಾರರು. ಈ ಪ್ರಾಂತದಲ್ಲಿ ಈ ಹಾವುಗಳನ್ನು ಬಲ್ಲ ಕೈಗಳು ಎರಡು ಜೊತೆ; ಒಂದು ನನ್ನದು, ಇನ್ನೊಂದು ಗುಲಾಬಿ ಕಸಿ ಮಾಡುತ್ತಿದೆ. ಬಾ ಎನ್ನುವ ಧೈರ್ಯ ನನಗಿಲ್ಲ. ಬಂದರೆ ಭಾನುವಾರ ಒಣದ್ರಾಕ್ಷಿ ಬ್ರೆಡ್ ಇರುತ್ತದೆ, ಚಹಾ ಮೂರು ಬಟ್ಟಲು.

ಮೈ ಬಗ್ಗೆ ಎಚ್ಚರವಿರಲಿ. ಗುಲಾಬಿ ಮುಳ್ಳು ಚುಚ್ಚಿದರೆ ಕಡೆಗಣಿಸಬೇಡ, ಬೇಗ ತೊಳೆದುಕೊ. ನಿನ್ನ ಕೈ ಇಟ್ಟಲ್ಲೆಲ್ಲ ಚಿಗುರಲಿ, ನಿನ್ನ ಮನೆ ತುಂಬಿರಲಿ, ನನ್ನ ಕೋಪ ನಿನಗೆ ಬಾರದಿರಲಿ.

ನಿನ್ನ ಅಮ್ಮ,
ಫೋಲ್ಕೆ

ಮರೆತ ಮಾತು: ಮರೆತದ್ದಲ್ಲ. ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದ್ದೇನೆ. ಮೇಲೆ ಭಾನುವಾರ ಬರೆದದ್ದರಲ್ಲಿ ಒಂದು ಸುಳ್ಳಿದೆ. ನನ್ನ ಕೈಯಲ್ಲಿ ಕೆಂಪು ಮರಿ ಬಂದೇ ಇಲ್ಲ, ಕಳೆದ ಗುರುವಾರದವರೆಗೆ ಸಂಶಯವಿರಲಿಲ್ಲ ಎಂದೆ. ನನಗೆ ಆರು ವರ್ಷದಿಂದ ಗೊತ್ತಿತ್ತು. ತೊಂಬತ್ತರಲ್ಲಿ ಗ್ರೇಟ್ಯೆ ಹನ್ನೊಂದು ಮೊಟ್ಟೆ ಇಟ್ಟಳು. ಹತ್ತು ಮರಿ, ಒಂದು ಮೊಟ್ಟೆಯಲ್ಲೇ ಸತ್ತಿತು ಎಂದು ಪುಸ್ತಕದಲ್ಲಿದೆ. ಅದು ಸತ್ತಿರಲಿಲ್ಲ. ಕೆಂಪಿತ್ತು. ಒಂದಷ್ಟೇ ಸುಲ್ತಾನನದು, ಬೂದಿ ಬಣ್ಣದ ಹತ್ತೂ ಶುದ್ಧ ಎಂದು ನನಗೆ ನಾನೇ ಹೇಳಿಕೊಂಡೆ. ಹಾಗೆಂದು ಆರು ವರ್ಷ ಸಾಲು ಬೆಳೆಸಿದೆ, ದ್ವೀಪದವರ ಕಾಗದಕ್ಕೂ ಒಪ್ಪಿಗೆ ಬರೆದೆ. ಸಭೆಯಲ್ಲೂ ಇದನ್ನು ಹೇಳಲಿಲ್ಲ. ನಾಳೆ ಹಾರ್ಮ್‌ನ ಅಂಗಡಿಗೆ ಹೋಗಿ ಪುಸ್ತಕದಲ್ಲಿ ಆ ಸುಳ್ಳು ಬರಹವನ್ನು ತಿದ್ದಿ ಬರುತ್ತೇನೆ. ಮೊದಲು ನಿನಗೆ ತಿಳಿಯಲಿ.

ಆ ಮರಿಯನ್ನು ಡಬ್ಬಿಯಲ್ಲಿಟ್ಟುಕೊಂಡು ನೆಲಮಾಳಿಗೆಗೆ ಇಳಿದಿದ್ದೆ. ಮುಚ್ಚಳ ತೆರೆದೂ ಇದ್ದೆ. ಒಳಗಿಡಲು ಆಗಲಿಲ್ಲ. ಅದು ನಿನ್ನ ಕೋಣೆಯಲ್ಲಿದೆ, ಕಿಟಕಿಯ ಕೆಳಗೆ, ಸುಲ್ತಾನ್ ಇದ್ದ ಗೂಡಿನಲ್ಲಿ. ಬಾಗಿಲಿಗೆ ಬೀಗ ಹಾಕಿದ್ದೇನೆ, ಕೀಲಿ ನನ್ನ ಕೊರಳಲ್ಲಿದೆ. ಮರಿ ಮಾಡಿಸಿಲ್ಲ, ಮಾರಿಲ್ಲ, ಯಾರಿಗೂ ತೋರಿಸಿಲ್ಲ. ಬಾಗಿಲಲ್ಲಿ ನಿಂತು ಒಂದನ್ನಾದರೂ ಬಿಡಮ್ಮ ಎಂದಿದ್ದೆಯಲ್ಲ. ಬಿಟ್ಟಿದ್ದೇನೆ, ಟಾಲ್ಕೆ. ಆದರೆ ಅದು ನಿನ್ನ ಒಂಬತ್ತರಲ್ಲಿ ಒಂದಲ್ಲ.